ಕಥೆಗಳ ಬಹುವಿಶ್ವಕ್ಕೆ ಯಾವ ಅಳತೆಗೋಲು?

ಶ್ರೋತೃಗಳಿಗೆ ನಮಸ್ಕಾರ.

ಎರಡು ಕಥೆಗಳನ್ನು ಎದುರುಬದುರು ಇಟ್ಟು, ಯಾವುದರ ಬಹುವಿಶ್ವ, ಅಂದರೆ ಕಥೆಯೊಳಗಿನ ಹಲವು ವಿಶ್ವಗಳ ಕೂಟ, ದೊಡ್ಡದು ಎಂದು ವಾದಿಸುವ ಹವ್ಯಾಸ ಕಾಮಿಕ್ಸ್ ಅಭಿಮಾನಿಗಳಲ್ಲಿ ಬಲವಾಗಿ ಬೆಳೆದಿದೆ. ಅವರು ಹಿಡಿದಿರುವ ಅಳತೆಗೋಲು ಆಯಾಮ, ಅಂದರೆ ಉದ್ದ, ಅಗಲ, ಎತ್ತರಗಳಂಥ ಸ್ವತಂತ್ರ ದಿಕ್ಕುಗಳ ಸಂಖ್ಯೆ. ನಾಲ್ಕು ಆಯಾಮಗಳ ಅವಕಾಶದಲ್ಲಿ (ಸ್ಪೇಸ್) ಮೂರು ಆಯಾಮಗಳ ವಿಶ್ವಗಳನ್ನು ದಪ್ಪವಿಲ್ಲದ ಹಾಳೆಗಳಂತೆ ಎಷ್ಟು ಬೇಕಾದರೂ ಪೇರಿಸಬಹುದು. ಆದ್ದರಿಂದ ಆಯಾಮ ಒಂದು ಹೆಚ್ಚಿದರೆ ಬಹುವಿಶ್ವ ಅನಂತಪಟ್ಟು ಹಿಗ್ಗುತ್ತದೆ ಎಂಬುದು ಅವರ ತರ್ಕ. ಇದನ್ನು ಗಂಭೀರವಾಗಿ ಪರಿಶೀಲಿಸಬೇಕು ಎಂಬುದು ನನ್ನ ನಿಲುವು, ಏಕೆಂದರೆ ಇದರೊಳಗೆ ನಿಜವಾದ ಗಣಿತವಿದೆ.

1961ರಲ್ಲಿ ಪ್ರಕಟವಾದ 'ಫ್ಲ್ಯಾಶ್' ಕಾಮಿಕ್ಸಿನ 123ನೆಯ ಸಂಚಿಕೆಯನ್ನೇ ತೆಗೆದುಕೊಳ್ಳೋಣ. ಮಕ್ಕಳಿಗೆ ಹಗ್ಗದ ಚಮತ್ಕಾರ ತೋರಿಸುತ್ತಿದ್ದ ಕಥಾನಾಯಕ ಬ್ಯಾರಿ ಅಲೆನ್ ತನ್ನ ದೇಹವನ್ನು ಅತಿವೇಗದಲ್ಲಿ ಕಂಪಿಸುತ್ತಾನೆ; ಕಣ್ಣು ಬಿಟ್ಟರೆ ಇನ್ನೊಂದು ಭೂಮಿ. ಎರಡು ಭೂಮಿಗಳೂ ಒಂದೇ ಸ್ಥಳದಲ್ಲಿವೆ, ಕಂಪನಸಂಖ್ಯೆ ಮಾತ್ರ ಬೇರೆ ಎಂಬುದು ಕಥೆಯ ವಿವರಣೆ. ಉದ್ದ, ಅಗಲ, ಎತ್ತರಗಳ ಜೊತೆಗೆ ಕಂಪನಸಂಖ್ಯೆಯನ್ನೂ ಹೇಳದೆ ಒಬ್ಬ ವ್ಯಕ್ತಿ ಎಲ್ಲಿದ್ದಾನೆಂದು ತಿಳಿಸಲಾಗದು. ಅಂದರೆ ಕಂಪನವೇ ಇಲ್ಲಿ ನಾಲ್ಕನೆಯ ಆಯಾಮ. ಮುಂದೆ, 2007ರ ಹೊತ್ತಿಗೆ, ಈ ಕಾಮಿಕ್ಸಿನ ಪ್ರಕಾಶಕ ಸಂಸ್ಥೆಯಾದ ಡಿಸಿ ತನ್ನ ವಿಶ್ವಗಳ ಸಂಖ್ಯೆಯನ್ನು 52 ಎಂದು ನಿಗದಿಪಡಿಸಿತು. ಪ್ರತಿಯೊಂದು ವಿಶ್ವಕ್ಕೂ ನಾಲ್ಕನೆಯ ದಿಕ್ಕಿನಲ್ಲಿ ದಪ್ಪವಿಲ್ಲದ್ದರಿಂದ, ನಾಲ್ಕು ಆಯಾಮಗಳ ಗಾತ್ರದಲ್ಲಿ ಅಳೆದರೆ ಆ 52 ವಿಶ್ವಗಳ ಒಟ್ಟು ಅಳತೆ ಸೊನ್ನೆ. ಒಂದು, ಎರಡು, ಮೂರು ಎಂದು ಅಂಕಿ ಹಚ್ಚುತ್ತ ಕೊನೆಯಿಲ್ಲದಷ್ಟು ವಿಶ್ವಗಳನ್ನು ಸೇರಿಸಿದರೂ ಅದು ಸೊನ್ನೆಯೇ. ಎರಡು ಕಂಪನಗಳ ನಡುವಿನ ಪ್ರತಿಯೊಂದು ಬೆಲೆಗೂ ಒಂದು ವಿಶ್ವವಿದೆ ಎಂದು ಕಥೆಗಾರ ಹೇಳಿದಾಗ ಮಾತ್ರ ನಾಲ್ಕನೆಯ ಆಯಾಮ ತುಂಬುತ್ತದೆ. ಅಭಿಮಾನಿಗಳ ವಾದ ಇಷ್ಟರ ಮಟ್ಟಿಗೆ ಸರಿ.

ಆದರೆ ಗಾತ್ರವನ್ನು ಬಿಟ್ಟು ಬಿಂದುಗಳನ್ನು ಎಣಿಸಹೊರಟರೆ ಈ ಶ್ರೇಣಿಯೆಲ್ಲ ಕುಸಿದುಬೀಳುತ್ತದೆ. ಜರ್ಮನಿಯ ಗಣಿತಜ್ಞ ಗಿಯಾರ್ಗ್ ಕ್ಯಾಂಟರ್ 1877ರಲ್ಲಿ, ಒಂದು ಗೆರೆಯಲ್ಲಿ ಎಷ್ಟು ಬಿಂದುಗಳಿವೆಯೋ ಒಂದು ಚೌಕದಲ್ಲಿಯೂ ಅಷ್ಟೇ ಇವೆ ಎಂದು ಕಂಡುಕೊಂಡ. ಚೌಕದ ಒಂದು ಬಿಂದುವಿನ ಅಡ್ಡಳತೆ 0.37, ಉದ್ದಳತೆ 0.52 ಎಂದಿರಲಿ, ಅಂಕಿಗಳನ್ನು ಒಂದರ ಪಕ್ಕ ಒಂದು ಹೆಣೆದರೆ 0.3572 ಎಂಬ ಒಂದೇ ಸಂಖ್ಯೆ, ಅಂದರೆ ಗೆರೆಯ ಮೇಲಿನ ಒಂದೇ ಬಿಂದು, ದೊರೆಯುತ್ತದೆ. ಇದರಲ್ಲಿರುವ ಒಂದು ಸೂಕ್ಷ್ಮ ತೊಡಕನ್ನು ಆತನ ಗೆಳೆಯ, ಗಣಿತಜ್ಞ ಡೆಡೆಕಿಂಡ್ ತೋರಿಸಿಕೊಟ್ಟ, ಕ್ಯಾಂಟರ್ ಅದನ್ನು ಬೇರೆ ದಾರಿಯಿಂದ ನಿವಾರಿಸಿದ. "ನನಗೆ ಕಾಣುತ್ತಿದೆ, ಆದರೆ ನಂಬಲಾಗುತ್ತಿಲ್ಲ" ಎಂದು ಆತ ಡೆಡೆಕಿಂಡ್‌ಗೆ ಪತ್ರ ಬರೆದದ್ದು ಈ ಫಲಿತಾಂಶದ ಬಗ್ಗೆಯೇ. ನಾಲ್ಕು ಆಯಾಮವಿರಲಿ, ಹನ್ನೊಂದಿರಲಿ, ಬಿಂದುಗಳ ಲೆಕ್ಕದಲ್ಲಿ ಒಂದು ಅಂಗುಲದ ಗೆರೆಗಿಂತ ಅದು ದೊಡ್ಡದಲ್ಲ.

ಯೋಗವಾಸಿಷ್ಠದ ಲೀಲೋಪಾಖ್ಯಾನ ನನಗೆ ಬಹಳ ಮುಖ್ಯವಾಗಿ ಕಾಣುವುದು ಇಲ್ಲಿಯೇ. ಗತಿಸಿದ ಬ್ರಾಹ್ಮಣನೊಬ್ಬನ ಮನೆಯ ಆಕಾಶದೊಳಗೇ ಪದ್ಮರಾಜನ ಇಡೀ ರಾಜ್ಯ, ಅದರ ಬೆಟ್ಟ ಬಯಲುಗಳೊಡನೆ, ಇದೆ ಎಂದು ಸರಸ್ವತಿಯು ರಾಣಿ ಲೀಲೆಗೆ ತಿಳಿಸುತ್ತಾಳೆ. ಅಲ್ಲಿ ಹೊಸ ಆಯಾಮದ ಮಾತಿಲ್ಲ. ಲೋಕದೊಳಗೆ ಲೋಕ ಅಷ್ಟೆ. ಆಯಾಮದ ಪಟ್ಟಿಯಲ್ಲಿ ಈ ಕಥೆ ತೀರಾ ಕೆಳಗೆ ನಿಲ್ಲುತ್ತದೆ. ಆದರೆ ಆ ಮನೆಯಲ್ಲಿರುವಷ್ಟೇ ಬಿಂದುಗಳು ರಾಜ್ಯದಲ್ಲಿಯೂ ಇರುವುದರಿಂದ, ಬಿಂದುಗಳ ಎಣಿಕೆ ಆ ಕಥೆಗೆ ಅಡ್ಡಿಪಡಿಸುವುದಿಲ್ಲ. ಅದನ್ನು ಕಿರಿದೆಂದು ತಳ್ಳಿಹಾಕಲು ನಾನು ಒಪ್ಪಲಾರೆ.

ಹಾಗಾದರೆ ಎಣಿಕೆಯಲ್ಲಿಯೂ ನಿಜವಾಗಿ ಹಿರಿದಾದ ಬಹುವಿಶ್ವವನ್ನು ಕಲ್ಪಿಸಲು ಸಾಧ್ಯವೇ? ಸಾಧ್ಯ. ಯಾವುದೇ ಗಣಕ್ಕಿಂತ (ವಸ್ತುಗಳ ಗುಂಪಿಗಿಂತ) ಅದರ ಎಲ್ಲ ಉಪಗಣಗಳ, ಅಂದರೆ ಅದರಿಂದ ಆರಿಸಬಹುದಾದ ಎಲ್ಲ ಗುಂಪುಗಳ, ಗಣ ದೊಡ್ಡದು ಎಂದು ಕ್ಯಾಂಟರ್ 1891ರಲ್ಲಿ ಪ್ರಕಟಿಸಿದ ವಾದದಿಂದ ಸಿದ್ಧವಾಗುತ್ತದೆ. ಅವಕಾಶದ ಬಿಂದುಗಳಲ್ಲಿ ಕೆಲವನ್ನು ಆರಿಸಿಕೊಳ್ಳುವ ಪ್ರತಿಯೊಂದು ಬಗೆಗೂ ಒಂದೊಂದು ಪ್ರತ್ಯೇಕ ವಿಶ್ವವಿದೆ ಎಂದು ಒಬ್ಬ ಕಥೆಗಾರ ಬರೆದರೆ, ಆ ವಿಶ್ವಗಳ ಸಂಖ್ಯೆಯನ್ನು ನಾಲ್ಕಾಗಲಿ, ಹನ್ನೊಂದಾಗಲಿ, ಒಂದಾದ ಮೇಲೊಂದರಂತೆ ಕೊನೆಯಿಲ್ಲದೆ ಸೇರಿಸಿದ ಆಯಾಮಗಳಾಗಲಿ ಮುಟ್ಟಲಾರವು.

ನಮಸ್ಕಾರ.