ಹಿಮದ ಹಾದಿಯ ಸ್ವಯಂಸೇವಕರು ಮತ್ತು ನಮ್ಮೂರ ಓಣಿಗಳು

ಮಾನ್ಯ ಶ್ರೋತೃಗಳಿಗೆ ನಮಸ್ಕಾರ.

ಮಳೆಗಾಲ ಮುಗಿಯುತ್ತಾ ಬಂದಿದೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಪೈವಳಿಕೆ, ಮುಳ್ಳೇರಿಯ ಕಡೆಯ ಓಣಿಗಳಲ್ಲಿ ಎರಡೂ ಬದಿಯ ಪೊದೆಗಳು ಒಂದನ್ನೊಂದು ಮುಟ್ಟುವಷ್ಟು ಬೆಳೆದು ನಿಂತಿರುವ ಈ ಹೊತ್ತಿನಲ್ಲಿ, ನಾರ್ವೆ, ಸ್ವೀಡನ್, ಕೆನಡ ಹಾಗೂ ಅಮೆರಿಕದ ಉತ್ತರದ ರಾಜ್ಯಗಳಲ್ಲಿಯೂ ಜನರು ಕತ್ತಿ, ಗರಗಸ ಹಿಡಿದು ಕಾಡಿನ ದಾರಿಗೆ ಇಳಿದಿರುತ್ತಾರೆ. ಅಲ್ಲಿ ಹಿಮ ಬೀಳುವ ಕಾಲ ಹತ್ತಿರವಾಗಿದೆ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಜಾರುತ್ತಾ ಸಾಗುವವರಿಗೂ ಹಿಮದ ಮೇಲೆ ದಪ್ಪ ಟಯರಿನ ಸೈಕಲ್ ತುಳಿಯುವವರಿಗೂ ಅಷ್ಟರೊಳಗೆ ದಾರಿ ಸಿದ್ಧವಾಗಬೇಕು. ಸಂಬಳವಿಲ್ಲದೆ ಆ ಕೆಲಸ ಮಾಡುವವರ ಕ್ರಮವನ್ನೂ ಅದರಿಂದ ನಾವು ಕಲಿತುಕೊಳ್ಳಬೇಕಾದ ಒಂದು ಸಂಗತಿಯನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಸ್ಕೀ ಎಂದೊಡನೆ ನಮಗೆ ಗುಲ್ಮಾರ್ಗ್ ಅಥವಾ ಔಲಿಯ ಇಳಿಜಾರುಗಳು ನೆನಪಾಗುತ್ತವೆ. ನಾನು ಹೇಳುತ್ತಿರುವುದು ಬೇರೊಂದು ಬಗೆ. ಏರು ತಗ್ಗುಗಳನ್ನು ದಾಟಿ, ಕಾಡು ಹೊಲಗಳ ನಡುವೆ ಬಹುದೂರ ಸಾಗುವ ಬಗೆ. ಸ್ವೀಡನ್ನಿನಲ್ಲಿ 1922ರಲ್ಲಿ ಆರಂಭವಾದ ವಾಸಾಲೋಪೆಟ್ ಸ್ಪರ್ಧೆಯ ದಾರಿ 90 ಕಿಲೋಮೀಟರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೇಬಲ್ ಮತ್ತು ಹೇವರ್ಡ್ ಎಂಬ ಊರುಗಳ ನಡುವೆ 1973ರಿಂದ ನಡೆಯುತ್ತಿರುವ ಬರ್ಕಬೈನರ್ ಸ್ಪರ್ಧೆಯ ದಾರಿ ಸುಮಾರು 50 ಕಿಲೋಮೀಟರು. ಇಂಥ ಹೆಸರಾದ ದಾರಿಗಳಲ್ಲದೆ, ಸಣ್ಣ ಸಣ್ಣ ಊರುಗಳ ಕ್ಲಬ್ಬುಗಳು ಸ್ವಯಂಸೇವಕರ ಬಲದಿಂದಲೇ ಉಳಿಸಿಕೊಂಡ ದಾರಿಗಳು ಎಷ್ಟೋ ಇವೆ.

ಹಿಮದ ದಾರಿಯ ಕೆಲಸ ಹಿಮ ಬೀಳುವ ಮೊದಲೇ ತೊಡಗುತ್ತದೆ ಎಂಬುದು ಹೊರಗಿನವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಹುಲ್ಲು ಸವರಿ ನೆಲ ಸಮ ಮಾಡಿದ ದಾರಿಯಲ್ಲಿ ಒಂದು ಗೇಣಿಗಿಂತ ಕಡಿಮೆ ಹಿಮ ಬಿದ್ದರೂ ಸ್ಕೀ ಸಾಗುತ್ತದೆ. ಕಲ್ಲು, ಮರದ ಬುಡ ಎದ್ದು ನಿಂತ ದಾರಿಯಲ್ಲಾದರೆ ಅವೆಲ್ಲ ಮುಚ್ಚುವಷ್ಟು ಹಿಮ ಬೀಳುವವರೆಗೆ ಕಾಯಬೇಕು. ಆದ್ದರಿಂದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅಡ್ಡಬಿದ್ದ ಮರ ಕತ್ತರಿಸುವುದು, ದಾರಿಗೆ ಚಾಚಿದ ಗೆಲ್ಲು ಸವರುವುದು, ಕಾಲುಸಂಕದ ಹಲಗೆ ಬದಲಿಸುವುದು, ನೀರು ಹರಿದುಹೋಗುವ ಕಣಿ ಬಿಡಿಸುವುದು ನಡೆಯುತ್ತದೆ. ಉದುರಿದ ಎಲೆಗಳನ್ನೂ ಅವರು ಗುಡಿಸಿ ತೆಗೆಯುತ್ತಾರೆ. ಹಿಮದ ಮೇಲ್ಮೈಯಲ್ಲಿ ಒಂದು ಕಪ್ಪು ಎಲೆ ಉಳಿದರೂ ಅದು ಬಿಸಿಲನ್ನು ಹೀರಿಕೊಂಡು ಸುತ್ತಲಿನ ಹಿಮವನ್ನು ಕರಗಿಸಿ ಕುಳಿ ಮಾಡುತ್ತದೆ. ಮೇಣ ಹಚ್ಚಿದ ಸ್ಕೀಯ ಅಡಿಗೆ ಕಸ ಅಂಟಿಕೊಂಡರೆ ಅದು ಜಾರುವುದೇ ಇಲ್ಲ.

ಹಿಮ ಬಿದ್ದ ಮೇಲಿನ ಕೆಲಸ ಹದ ನೋಡಿ ಮಾಡುವಂಥದು. ಬಿದ್ದ ಹಿಮವನ್ನು ಉರುಳೆಯಿಂದ ಒತ್ತಿ, ಬಾಚಿ, ಸಮಗೊಳಿಸಿ ಹಾಗೆಯೇ ಬಿಟ್ಟರೆ ಅದರ ಹರಳುಗಳು ಕೆಲವು ಗಂಟೆಗಳಲ್ಲಿ ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಅಡಿಕೆ ಹರಡುವ ಅಂಗಳವನ್ನು ನಮ್ಮ ಹಿರಿಯರು ಮಳೆ ಬಿಟ್ಟ ಮೇಲೆ ಕೆತ್ತಿ, ಬಡಿದು, ಸೆಗಣಿ ಸಾರಿಸಿ, ಒಣಗುವ ತನಕ ಯಾರೂ ಕಾಲಿಡದಂತೆ ನೋಡಿಕೊಳ್ಳುತ್ತಿದ್ದರಲ್ಲ, ಇದೂ ಹಾಗೆಯೇ. ಹೀಗಾಗಿ ಹೆಚ್ಚಿನ ಕಡೆ ಈ ಕೆಲಸ ನಡೆಯುವುದು ಸಂಜೆಯ ನಂತರ. ಹಗಲಿನ ಉದ್ಯೋಗ ಮುಗಿಸಿ ಬಂದವರು ಕೊರೆಯುವ ಚಳಿಯಲ್ಲಿ ಹಿಮವಾಹನದ ಹಿಂದೆ ಉರುಳೆ ಕಟ್ಟಿ ಎಳೆಯುತ್ತಾರೆ. ಸ್ಕೀ ಕೂರುವ ಜೋಡಿ ಗೆರೆಗಳನ್ನು ದಾರಿಯ ಒಂದು ಬದಿಯಲ್ಲಿ ಕೊರೆದು ಮನೆಗೆ ಮರಳುತ್ತಾರೆ. ಬೆಳಗ್ಗೆ ಬಂದವರಿಗೆ ದಾರಿ ಕಾಣುತ್ತದೆಯೇ ಹೊರತು ಅದನ್ನು ಮಾಡಿದವರು ಕಾಣುವುದಿಲ್ಲ.

ಸೈಕಲ್ಲಿನವರು ಈ ದಾರಿಗಳಿಗೆ ಬಂದದ್ದು ಈಚೆಗೆ. ನಾಲ್ಕು ಇಂಚಿನಷ್ಟು ಅಗಲದ ಟಯರಿಗೆ ಗಾಳಿ ಬಹಳ ಕಡಿಮೆ ತುಂಬಿಸಿ, ಅದು ಹಿಮದ ಮೇಲೆ ಚಪ್ಪಟೆಯಾಗಿ ಕೂರುವಂತೆ ಮಾಡಿಕೊಂಡು ಅವರು ಸಾಗುತ್ತಾರೆ. ಹಿಮ ಮೆತ್ತಗಿದ್ದಾಗ ತುಳಿದರೆ ಚಕ್ರದ ಜಾಡು ಆಳವಾಗಿ ಬಿದ್ದು, ರಾತ್ರಿಯ ಚಳಿಗೆ ಹೆಪ್ಪುಗಟ್ಟಿ, ಮರುದಿನ ಬರುವ ಎಲ್ಲರಿಗೂ ತೊಂದರೆ. ಈ ಕಾರಣಕ್ಕೆ ಸ್ಕೀಯವರಿಗೂ ಸೈಕಲ್ಲಿನವರಿಗೂ ಮನಸ್ತಾಪ ಹುಟ್ಟುವುದುಂಟು. ಜಾಡು ಬೀಳುವಷ್ಟು ಮೆದುವಾಗಿದ್ದರೆ ಸೈಕಲ್ ಇಳಿಸಬಾರದು, ಸ್ಕೀಯ ಗೆರೆಯ ಮೇಲೆ ಹಾಯಿಸಬಾರದು ಎಂಬ ನಿಯಮಗಳನ್ನು ಹಲವು ಊರುಗಳಲ್ಲಿ ಮಾಡಿಕೊಂಡಿದ್ದಾರೆ. ಸೈಕಲ್ಲಿನವರೇ ಉರುಳೆ ಎಳೆಯಲು ಮುಂದೆ ಬಂದ ಊರುಗಳೂ ಇವೆ. ದಾರಿಯನ್ನು ಬಳಸುವವನೇ ಅದರ ಕೆಲಸಕ್ಕೂ ಕೈ ಹಾಕಿದಾಗ ನಿಯಮಕ್ಕೆ ಬೆಲೆ ಬರುತ್ತದೆ ಎಂದು ನನಗೆ ಅನಿಸುತ್ತದೆ.

ನಾರ್ವೆಯಲ್ಲಿ 1868ರಲ್ಲಿ ಸ್ಥಾಪನೆಯಾದ ಪ್ರವಾಸಿ ಸಂಘವೊಂದಿದೆ. ಮರಗಳೇ ಇಲ್ಲದ ಎತ್ತರದ ಬೆಟ್ಟಗಳಲ್ಲಿ ಚಳಿಗಾಲದ ದಾರಿ ತಪ್ಪದಿರಲೆಂದು ಅದರ ಸ್ವಯಂಸೇವಕರು ಹಿಮದಲ್ಲಿ ಉದ್ದಕ್ಕೂ ಕೋಲುಗಳನ್ನು ನೆಡುತ್ತಾರೆ. ಹಿಮಗಾಳಿ ಬೀಸಿ ಮುಂದೇನೂ ಕಾಣದಾದಾಗ ಒಂದು ಕೋಲಿನಿಂದ ಮುಂದಿನ ಕೋಲಿಗೆ ಹೋಗುತ್ತಾ ಜನರು ಜೀವ ಉಳಿಸಿಕೊಳ್ಳುತ್ತಾರೆ.

ಇವರೆಲ್ಲರ ಕ್ರಮದಲ್ಲಿ ನನಗೆ ಬಹಳ ಮುಖ್ಯವೆಂದು ತೋರಿದ್ದು ದಾರಿಯ ಹಂಚಿಕೆ. ಅಮೆರಿಕದ ಪೂರ್ವ ಭಾಗದಲ್ಲಿರುವ, ಸುಮಾರು 3,500 ಕಿಲೋಮೀಟರು ಉದ್ದದ ಅಪಲೇಷಿಯನ್ ಕಾಲುದಾರಿಯನ್ನು ಸ್ಥಳೀಯ ಕ್ಲಬ್ಬುಗಳು ತುಂಡು ತುಂಡಾಗಿ ವಹಿಸಿಕೊಂಡಿವೆ. ಕ್ಲಬ್ಬಿನೊಳಗೆ ಮತ್ತೆ ಒಬ್ಬೊಬ್ಬರಿಗೆ ಒಂದೊಂದು ಭಾಗ. ಆ ಭಾಗದಲ್ಲಿ ಯಾವ ಮರ ಒಣಗುತ್ತಿದೆ, ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ ಎಂಬುದು ಅವನಿಗೆ ಬಾಯಿಪಾಠ.

ನಮ್ಮಲ್ಲಿ ಶ್ರಮದಾನಕ್ಕೆ ಕೊರತೆಯಿಲ್ಲ. ಅಕ್ಟೋಬರ್ 2ರಂದು ಶಾಲೆಯ ಮಕ್ಕಳು, ಕ್ಲಬ್ಬಿನ ಯುವಕರು, ಕೇರಳದ ಮಹಿಳಾ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಮಹಿಳೆಯರು ಕತ್ತಿ, ಹಾರೆ ಹಿಡಿದು ಬರುತ್ತಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನೆಲ ನಮ್ಮದು. ಒಂದು ದಿನದಲ್ಲಿ ಸವರಿದ ಪೊದೆ ತುಲಾ ಮಾಸದ, ಅಂದರೆ ಅಕ್ಟೋಬರ್–ನವೆಂಬರ್ ಹೊತ್ತಿನ, ಮಳೆಗೆ ಮತ್ತೆ ಚಿಗುರುತ್ತದೆ. ಓಣಿಯನ್ನು ನಿಜವಾಗಿ ಕೆಡಿಸುವುದು ಪೊದೆಗಿಂತ ಹೆಚ್ಚಾಗಿ ನೀರು. ಕಣಿಯ ಬಾಯಿಗೆ ಒಂದು ಅಡಿಕೆ ಹಾಳೆ ಅಡ್ಡಬಿದ್ದು, ಅದರ ಮೇಲೆ ತರಗೆಲೆ ಕೂತು, ಮಣ್ಣು ತುಂಬಿದರೆ ಸಾಕು. ತೋಡಿಗೆ ಇಳಿಯಬೇಕಾದ ನೀರು ಓಣಿಯ ಉದ್ದಕ್ಕೂ ಹರಿದು ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ, ಮುರಕಲ್ಲಿನ ಚೂಪು ತುದಿಗಳನ್ನು ಮಾತ್ರ ಉಳಿಸುತ್ತದೆ. ಆ ಹಾಳೆಯನ್ನು ತೆಗೆಯಲು ನೂರು ಜನ ಬೇಕಾಗಿಲ್ಲ. ಜೂನ್ ತಿಂಗಳ ಜಡಿಮಳೆಯಲ್ಲಿ ಕೊಡೆ ಹಿಡಿದು ಬಂದು ನೋಡುವ ಒಬ್ಬರು ಸಾಕು.

ಡಾಮರು ರಸ್ತೆ ಬಂದ ಮೇಲೆ ಓಣಿಗಳೇಕೆ ಎಂದು ಕೇಳುವವರಿದ್ದಾರೆ. ಗುಡ್ಡೆಯ ಮೇಲಿನ ಮನೆಯಿಂದ ಬಸ್ಸಿಗೆ ನಡೆದು ಬರುವ ವಿದ್ಯಾರ್ಥಿನಿಯನ್ನೂ, ತಲೆಹೊರೆಯಲ್ಲಿ ಸೊಪ್ಪು ತರುವ ಅಕ್ಕಂದಿರನ್ನೂ ಒಮ್ಮೆ ವಿಚಾರಿಸಿದರೆ ಉತ್ತರ ಸಿಗುತ್ತದೆ. ಕೆಲವು ಓಣಿಗಳು ಖಾಸಗಿ ಜಾಗದ ಅಂಚಿನಲ್ಲಿ ಹಾದುಹೋಗುವುದರಿಂದ ಜಾಗದವರ ಒಪ್ಪಿಗೆಯೂ ಬೇಕಾಗುತ್ತದೆ. ಹಿಮದ ನಾಡಿನ ಕ್ಲಬ್ಬುಗಳು ಎಷ್ಟೋ ಕಡೆ ಇಂಥ ಒಪ್ಪಿಗೆಯಿಂದಲೇ ದಾರಿ ಉಳಿಸಿಕೊಂಡಿವೆ.

ನನ್ನ ಸೂಚನೆ ಇಷ್ಟೇ. ಪ್ರತಿ ವಾರ್ಡಿನ ಓಣಿಗಳ ಒಂದು ಪಟ್ಟಿ ತಯಾರಾಗಲಿ. ಒಂದೊಂದು ಓಣಿಯನ್ನು ಅದರಲ್ಲಿ ದಿನವೂ ನಡೆಯುವ ಇಬ್ಬರು ವಹಿಸಿಕೊಳ್ಳಲಿ. ಒಬ್ಬರು ಊರಲ್ಲಿಲ್ಲದಾಗ ಇನ್ನೊಬ್ಬರು ನೋಡಿಕೊಳ್ಳಬಹುದು. ಮಳೆಗೆ ಮೊದಲು ಮೇ ತಿಂಗಳಲ್ಲಿ ಕಣಿ ಬಿಡಿಸುವುದು, ಮಳೆಯ ನಡುವೆ ಆಗಾಗ ನೋಡುವುದು, ತುಲಾ ಮಳೆ ನಿಂತ ಮೇಲೆ ಪೊದೆ ಸವರುವುದು ಅವರ ಪಾಲಿನ ಕೆಲಸ. ಹಾರೆ, ಪಿಕ್ಕಾಸು, ಹುಲ್ಲು ಕತ್ತರಿಸುವ ಯಂತ್ರ ಊರಿನ ವಾಚನಾಲಯದಲ್ಲಿ ಇರಲಿ. ಬಿದ್ದ ಮರ ಎತ್ತುವುದು, ಸಂಕ ಕಟ್ಟುವುದು ಮುಂತಾದ ದೊಡ್ಡ ಕೆಲಸಗಳಿಗೆ ಎಲ್ಲರನ್ನೂ ಕರೆಯಬಹುದು. ಪಟ್ಟಿ ಮಾಡಲು ಒಂದು ಭಾನುವಾರದ ಸಭೆ ಸಾಕು; ಈ ನವೆಂಬರಿನಲ್ಲೇ ಅದನ್ನು ಕರೆಯಬಹುದು.

ನಮಸ್ಕಾರ.