ಕಾಣುವ ವಿಮಾನ, ಕಾಣದ ಗಾಳಿ

ಕೇಳುಗರಿಗೆ ನಮಸ್ಕಾರ.

1993ರ ಡಿಸೆಂಬರ್ 15. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂಟಾ ಆನಾ ಊರು. ಹೊತ್ತು ಮುಳುಗಿತ್ತು. ಅಲ್ಲಿನ ಜಾನ್ ವೇನ್ ವಿಮಾನ ನಿಲ್ದಾಣಕ್ಕೆ ಒಂದು ಬೋಯಿಂಗ್ 757 ಇಳಿಯುತ್ತಿತ್ತು. ಅದರ ಹಿಂದೆ ವೆಸ್ಟ್‌ವಿಂಡ್ ಅನ್ನುವ ಸಣ್ಣ ಜೆಟ್. ಒಳಗೆ ಐದು ಜನ. ಅವರಲ್ಲಿ ಒಬ್ಬರು ಇನ್-ಎನ್-ಔಟ್ ಎಂಬ ಹೆಸರಾಂತ ಬರ್ಗರ್ ಹೋಟೆಲುಗಳ ಮುಖ್ಯಸ್ಥ ರಿಚ್ ಸ್ನೈಡರ್.

ಮುಂದಿನ ಬೋಯಿಂಗ್ ಪೈಲಟ್‌ಗಳಿಗೆ ಚೆನ್ನಾಗಿ ಕಾಣುತ್ತಿತ್ತು. ತಾವು ಅದರ ಹತ್ತಿರ ಹೋಗುತ್ತಿದ್ದೇವೆ ಅನ್ನುವುದೂ ಗೊತ್ತಿತ್ತು. ಸ್ವಲ್ಪ ಅಲುಗಾಟ ಆಗಬಹುದು, ಒಂಚೂರು ಮೇಲೇ ಇರೋಣ ಅಂತಲೂ ಅಂದುಕೊಂಡಿದ್ದರು. ಇದೆಲ್ಲ ಕಾಕ್‌ಪಿಟ್‌ನ ಧ್ವನಿಮುದ್ರಣದಿಂದ ಆಮೇಲೆ ತಿಳಿಯಿತು. ಎರಡೂ ವಿಮಾನಗಳ ನಡುವಿನ ಅಂತರ ಕರಗುತ್ತಾ ಬಂದು ಸುಮಾರು ನಾಲ್ಕು ಕಿಲೋಮೀಟರ್ ಉಳಿಯಿತು. ನೆಲದಿಂದ ಸಾವಿರ ಅಡಿ ಆಸುಪಾಸಿನಲ್ಲಿ ಸಣ್ಣ ಜೆಟ್ ಇದ್ದಕ್ಕಿದ್ದಂತೆ ಮಗುಚಿಕೊಂಡಿತು. ಮೂಗು ಕೆಳಗಾಗಿ ನೆಲಕ್ಕೆ ಬಿತ್ತು. ಐವರೂ ಹೋದರು.

ಎಂಜಿನ್ ಕೆಟ್ಟಿರಲಿಲ್ಲ. ಮಳೆ, ಮಂಜು ಏನೂ ಇರಲಿಲ್ಲ. ಮುಂದಿನ ವಿಮಾನ ಬಿಟ್ಟುಹೋದ ಗಾಳಿಯೇ ಹಿಂದಿನದನ್ನು ಉರುಳಿಸಿತ್ತು. ಇದಕ್ಕೆ ವೇಕ್ ಟರ್ಬುಲೆನ್ಸ್ ಅಂತಾರೆ.

ಹೈವೇಯಲ್ಲಿ ಸ್ಕೂಟರ್ ಓಡಿಸುವವರಿಗೆ ಇದರ ಒಂದು ಅಂದಾಜು ಇದ್ದೇ ಇರುತ್ತದೆ. ಪಕ್ಕದಲ್ಲಿ ಲಾರಿ ಹಾದುಹೋದಾಗ ಹ್ಯಾಂಡಲ್ ಎಳೆದ ಹಾಗಾಗುತ್ತದೆ, ಅಲ್ವಾ? ಆದರೆ ಲಾರಿ ಗಾಳಿ ಲಾರಿ ಜೊತೆಗೇ ಹೊರಟುಹೋಗುತ್ತದೆ. ವಿಮಾನದ್ದು ಹಾಗಲ್ಲ. ವಿಮಾನ ಹೋಗಿ ಒಂದೆರಡು ನಿಮಿಷ ಆದಮೇಲೂ ಅದರ ಗಾಳಿ ಅಲ್ಲೇ ಸುತ್ತುತ್ತಿರುತ್ತದೆ.

ಯಾಕೆ ಹೀಗೆ? ಹಾರುವ ವಿಮಾನದ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಜಾಸ್ತಿ, ಮೇಲೆ ಕಡಿಮೆ. ಆ ವ್ಯತ್ಯಾಸವೇ ವಿಮಾನವನ್ನು ಎತ್ತಿ ಹಿಡಿಯುವುದು. ಆದರೆ ರೆಕ್ಕೆಯ ತುದಿಯಲ್ಲಿ ಗಾಳಿಗೆ ತಡೆ ಇಲ್ಲ. ಕೆಳಗಿನ ಗಾಳಿ ತುದಿಯನ್ನು ಬಳಸಿಕೊಂಡು ಮೇಲಕ್ಕೆ ನುಗ್ಗುತ್ತದೆ, ಸುತ್ತಿಕೊಳ್ಳುತ್ತದೆ. ಎರಡು ರೆಕ್ಕೆಗೆ ಎರಡು ಸುಳಿ, ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸುತ್ತುವಂಥವು. ಇದು ಎಂಜಿನ್ ಊದುವ ಗಾಳಿ ಅಂತ ತುಂಬಾ ಜನ ತಿಳಿದಿದ್ದಾರೆ. ಒಂದು ಕಾಲದಲ್ಲಿ ಪೈಲಟ್‌ಗಳೇ ಪ್ರೊಪೆಲ್ಲರ್‌ನ ಮೇಲೆ ತಪ್ಪು ಹೊರಿಸುತ್ತಿದ್ದರು. ಎಂಜಿನ್ನೇ ಇಲ್ಲದ ಗ್ಲೈಡರ್ ಕೂಡ ತನ್ನ ಅಳತೆಗೆ ತಕ್ಕ ಸುಳಿ ಬಿಡುತ್ತದೆ.

ವಿಮಾನ ಎಷ್ಟು ಭಾರವೋ ಸುಳಿ ಅಷ್ಟು ಜೋರು. ಎಷ್ಟು ನಿಧಾನವೋ ಅಷ್ಟು ಜೋರು. ಇಲ್ಲೇ ಇರುವುದು ತೊಂದರೆ. ದೊಡ್ಡ ವಿಮಾನ ನಿಧಾನವಾಗಿ ಹಾರುವುದು ಏರುವಾಗ ಮತ್ತು ಇಳಿಯುವಾಗ. ಸಣ್ಣ ವಿಮಾನ ಅದರ ಬೆನ್ನ ಹಿಂದೆ ಸಿಕ್ಕಿಬೀಳುವುದೂ ಆಗಲೇ, ನೆಲ ಹತ್ತಿರ ಇರುವಾಗ. ನಾಲ್ಕು ಸೀಟಿನ ಸೆಸ್ನಾ 172 ತುಂಬಿಸಿದರೂ ಸಾವಿರದ ನೂರು ಕಿಲೋ ಚಿಲ್ಲರೆ. ಸುಳಿಯ ನಡುವೆ ಸಿಕ್ಕರೆ ಪೈಲಟ್ ಸ್ಟಿಕ್ಕನ್ನು ಪೂರ್ತಿ ಎದುರು ಬದಿಗೆ ತಿರುಗಿಸಿ ಹಿಡಿದರೂ ವಿಮಾನ ಉರುಳುತ್ತಲೇ ಹೋಗಬಹುದು. ಅಂದರೆ ಆ ಕ್ಷಣದ ಜಾಣತನಕ್ಕೆ ಅಲ್ಲಿ ಬೆಲೆ ಕಮ್ಮಿ.

ಆದರೆ ಈ ಸುಳಿಗೆ ಒಂದು ಗೊತ್ತಾದ ನಡವಳಿಕೆ ಇದೆ. ವಿಮಾನ ಏರುವಾಗ ಮೂಗಿನ ಕೆಳಗಿನ ಚಕ್ರ ನೆಲ ಬಿಟ್ಟ ಹೊತ್ತಿಗೆ ಅದು ಶುರು. ಇಳಿದು ಚಕ್ರ ನೆಲ ಮುಟ್ಟಿದಾಗ ಮುಗಿಯಿತು. ಹುಟ್ಟಿದ ಮೇಲೆ ನಿಮಿಷಕ್ಕೆ 300ರಿಂದ 500 ಅಡಿಯಂತೆ ಕೆಳಗೆ ಇಳಿಯುತ್ತದೆ. ಸಾಮಾನ್ಯವಾಗಿ ಮೇಲಕ್ಕೆ ಏರಿ ಬರುವುದಿಲ್ಲ. ನೆಲದ ಹತ್ತಿರ ಬಂದಾಗ ಎರಡೂ ಸುಳಿಗಳು ಆಚೆ ಈಚೆ ನಿಧಾನಕ್ಕೆ ಸರಿಯುತ್ತವೆ. ಆಗ ಪಕ್ಕದಿಂದ ಮೆಲ್ಲಗೆ ಗಾಳಿ ಬೀಸುತ್ತಿದ್ದರೆ ಒಂದು ಸುಳಿ ಸರಿಯಲಾಗದೆ ರನ್‌ವೇ ಮೇಲೇ ನಿಂತುಬಿಡುತ್ತದೆ. ಜೋರು ಗಾಳಿ ಇದ್ದರೆ ಒಳ್ಳೆಯದೇ, ಸುಳಿ ಬೇಗ ಒಡೆದುಹೋಗುತ್ತದೆ. ಹೊಸದಾಗಿ ಹಾರಾಟ ಕಲಿಯುವವರು ಗಾಳಿ ಅಲುಗದ ತಂಪು ಬೆಳಗನ್ನೇ ಇಷ್ಟಪಡುತ್ತಾರೆ. ಸುಳಿಗೂ ಅದೇ ಇಷ್ಟ.

ಇದೆಲ್ಲ ಪುಸ್ತಕದಲ್ಲಿದ್ದ ವಿಷಯ. ಇದು ಕಟ್ಟುನಿಟ್ಟಿನ ನಿಯಮ ಆಗುವುದಕ್ಕೆ ಸಾವುಗಳೇ ಬೇಕಾದವು. 1972ರ ಮೇ 30ರಂದು ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಡೆಲ್ಟಾ ಕಂಪನಿಯ ಡಿಸಿ-9 ವಿಮಾನ ತರಬೇತಿ ಹಾರಾಟದಲ್ಲಿತ್ತು. ಅದರ ಮುಂದೆ ಇನ್ನೂ ದೊಡ್ಡ ಡಿಸಿ-10, ಅದೂ ಅಭ್ಯಾಸದಲ್ಲೇ ಇದ್ದದ್ದು. ಇಳಿಯುವಾಗ ಡಿಸಿ-9 ಒಂದು ಕಡೆಗೆ ಉರುಳಿ, ರೆಕ್ಕೆ ರನ್‌ವೇಗೆ ಬಡಿಯಿತು. ನಾಲ್ವರು ಸತ್ತರು. ಡಿಸಿ-9 ಏನು ಆಟಿಕೆಯೇ? ಹತ್ತಾರು ಜನ ನಂಬಿ ಕೂರುವ ಜೆಟ್ ಅದು. ಅಂಥದ್ದೇ ಉರುಳಿದ ಮೇಲೆ ಅಂತರದ ನಿಯಮಗಳು ಬಿಗಿಯಾದವು.

ಈಗ ವಿಮಾನಗಳನ್ನು ತೂಕದ ಮೇಲೆ ಗುಂಪು ಮಾಡುತ್ತಾರೆ. ಏಳು ಸಾವಿರ ಕಿಲೋ ಒಳಗಿದ್ದರೆ ಲೈಟ್. 1,36,000 ಕಿಲೋ ಮುಟ್ಟಿದರೆ ಹೆವಿ. ನಡುವಿನದು ಮೀಡಿಯಂ. ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನವಾದ ಏರ್‌ಬಸ್ ಎ380ಗೆ ಸೂಪರ್ ಅಂತ ಬೇರೆಯೇ ಗುಂಪು. ಹೆವಿಯ ಹಿಂದೆ ಲೈಟ್ ವಿಮಾನ ಇಳಿಯಬೇಕಾದರೆ ನಡುವೆ ಆರು ನಾಟಿಕಲ್ ಮೈಲಿ, ಅಂದರೆ ಸುಮಾರು 11 ಕಿಲೋಮೀಟರ್ ಬಿಡಬೇಕು. ಅದರ ಹಿಂದೆ ಏರಬೇಕಾದರೆ ಎರಡು ನಿಮಿಷ ಕಾಯಬೇಕು.

ತೂಕದ ಗೆರೆ ಎಳೆದಾಗ ಗೆರೆಯ ಅಂಚಿನಲ್ಲಿ ಕೂತವರ ಕಥೆ ಬೇರೆ ಇರುತ್ತದೆ. ಬೋಯಿಂಗ್ 757 ಅಮೆರಿಕದಲ್ಲಿ ಆಗ ಹೆವಿ ಗುಂಪಿಗೆ ಸೇರುತ್ತಿರಲಿಲ್ಲ. ಗೆರೆಗಿಂತ ಸ್ವಲ್ಪ ಕೆಳಗಿತ್ತು. ಆದರೆ ಅದರ ಸುಳಿ ಮಾತ್ರ ಹೆವಿಗೇನೂ ಕಡಿಮೆ ಇರಲಿಲ್ಲ. ಸಾಂಟಾ ಆನಾ ಅಪಘಾತಕ್ಕೆ ಒಂದು ವರ್ಷ ಮೊದಲು, 1992ರ ಡಿಸೆಂಬರ್ 18ರಂದು ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಇದೇ 757ರ ಹಿಂದೆ ಇಳಿಯುತ್ತಿದ್ದ ಸೈಟೇಶನ್ ಎಂಬ ಸಣ್ಣ ಜೆಟ್ ಬಿದ್ದು ಎಂಟು ಜನ ಸತ್ತಿದ್ದರು. ಎರಡನೇ ಅಪಘಾತದ ನಂತರ ಅಮೆರಿಕದ ತನಿಖಾ ಮಂಡಳಿ ಹಿಂದಿನ ಲೆಕ್ಕ ತೆಗೆಯಿತು. 1983ರಿಂದ 1993ರವರೆಗೆ ಈ ಗಾಳಿಯಿಂದ ಆಗಿರಬಹುದಾದ 51 ಘಟನೆಗಳು ಸಿಕ್ಕವು. 27 ಜನ ಸತ್ತಿದ್ದರು. ಆಮೇಲೆ 757ಗೆ ಪ್ರತ್ಯೇಕ ಅಂತರ ಬಂತು.

ಬಿಲ್ಲಿಂಗ್ಸ್, ಸಾಂಟಾ ಆನಾ ಎರಡರಲ್ಲೂ ಒಂದು ಸಮಾನ ಅಂಶ ಇದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ. ಆಕಾಶ ತಿಳಿಯಾಗಿದ್ದಾಗ ಟವರ್‌ನವರು, ಅಂದರೆ ನಿಲ್ದಾಣದಿಂದ ವಿಮಾನಗಳಿಗೆ ದಾರಿ ಹೇಳುವವರು, ಕೇಳುತ್ತಾರೆ, ಮುಂದಿನ ವಿಮಾನ ಕಾಣುತ್ತಿದೆಯಾ ಅಂತ. ಪೈಲಟ್ ಹೌದು ಅಂದರೆ, ಸರಿ, ನೋಡಿಕೊಂಡು ಅದರ ಹಿಂದೆ ಇಳಿಯಿರಿ ಅಂತಾರೆ. ಆ ಹೌದು ಅನ್ನುವ ಮಾತಿನ ಜೊತೆಗೇ ಅಂತರ ಕಾಯ್ದುಕೊಳ್ಳುವ ಹೊಣೆ ಟವರ್‌ನಿಂದ ಪೈಲಟ್ ತಲೆಗೆ ಬರುತ್ತದೆ. ಕಂಡದ್ದು ವಿಮಾನ. ಹೊಣೆ ಹೊತ್ತದ್ದು ಕಾಣದ ಸುಳಿಗೆ. ಇದನ್ನು ಸರಿಯಾದ ವ್ಯವಸ್ಥೆ ಅಂತ ಒಪ್ಪಿಕೊಳ್ಳಲು ನನಗೆ ಕಷ್ಟ. ಆದರೆ ಅಮೆರಿಕದಂಥ ಕಡೆ ಇದು ಮಾಮೂಲಿ. ಇಲ್ಲದಿದ್ದರೆ ದಟ್ಟಣೆ ಇರುವ ನಿಲ್ದಾಣಗಳಲ್ಲಿ ಸಾಲು ಬೆಳೆಯುತ್ತಲೇ ಹೋಗುತ್ತದೆ.

ನಿಯಮ ಏನೂ ಹೇಳದ ಕಡೆಯೂ ಸುಳಿ ಇರುತ್ತದೆ. 2012ರಲ್ಲಿ ಜರ್ಮನಿಯ ಬಾಕ್‌ನಾಂಗ್ ಹತ್ತಿರದ ಸಣ್ಣ ಏರ್‌ಫೀಲ್ಡ್‌ನಲ್ಲಿ ಒಂದು ಆಂಟೊನೊವ್ ಆನ್-2 ಮೇಲೇರಿತು. ಎರಡು ಅಂತಸ್ತಿನ ರೆಕ್ಕೆ, ಒಂದೇ ಎಂಜಿನ್, 1947ರಲ್ಲಿ ಮೊದಲು ಹಾರಿದ ಹಳೇ ಸೋವಿಯತ್ ವಿನ್ಯಾಸ. ತೂಕ ಐದೂವರೆ ಟನ್. ಹಿಂದೆಯೇ ಒಂದು ರಾಬಿನ್ ವಿಮಾನ ಏರಿತು. ಮರದ ಚೌಕಟ್ಟು, ಅದರ ಮೇಲೆ ಬಟ್ಟೆ ಹೊದಿಕೆ, ತೂಕ ಒಂದು ಟನ್ ಆಸುಪಾಸು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ರಾಬಿನ್ ಒಂದು ಪಕ್ಕಕ್ಕೆ ವಾಲಿ ಬಿದ್ದಿತು. ಇಲ್ಲಿ ಗಮನಿಸಬೇಕಾದ ವಿಷಯ ಬೇರೆ. ತೂಕದ ಪಟ್ಟಿಯಲ್ಲಿ ಎರಡೂ ಲೈಟೇ. ಲೈಟ್ ಹಿಂದೆ ಲೈಟ್ ಇಷ್ಟು ಹೊತ್ತು ಕಾಯಬೇಕು ಅಂತ ಪಟ್ಟಿ ಹೇಳುವುದೇ ಇಲ್ಲ. ಆದರೆ ಒಂದು ಇನ್ನೊಂದರ ಐದು ಪಟ್ಟು ಭಾರ, ಮೇಲಾಗಿ ನಿಧಾನಕ್ಕೆ ಹಾರುವಂಥದ್ದು.

ಹೆಲಿಕಾಪ್ಟರ್ ಕೂಡ ಕಡಿಮೆ ಏನಲ್ಲ. ಒಮ್ಮೆ ಅಮೆರಿಕದ ಕೊಲೊರಾಡೊದಲ್ಲಿ, ಟವರ್ ಇಲ್ಲದ ಒಂದು ನಿಲ್ದಾಣದಲ್ಲಿ, ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಹಿಂದೆ ಇಳಿಯಲು ಬಂದ ಸಿರಸ್ ಎಂಬ ಸಣ್ಣ ವಿಮಾನ ರನ್‌ವೇ ಹತ್ತಿರವೇ ಮಗುಚಿ ಬಿತ್ತು.

ಹಾಗಾದರೆ ಸುಳಿಗೆ ಸಿಕ್ಕವರೆಲ್ಲ ಸಾಯುತ್ತಾರಾ? ಇಲ್ಲ. 2017ರ ಜನವರಿ 7ರಂದು ಚಾಲೆಂಜರ್ ಎಂಬ ಒಂದು ಸಣ್ಣ ಜೆಟ್ ಮಾಲ್ಡೀವ್ಸ್‌ನ ಮಾಲೆಯಿಂದ ಬರ್ಲಿನ್‌ಗೆ ಹೊರಟಿತ್ತು. ನಮ್ಮ ಅರಬ್ಬೀ ಸಮುದ್ರದ ಮೇಲೆ, 34,000 ಅಡಿಯಲ್ಲಿ. ಎದುರಿನಿಂದ ಒಂದು ಎ380 ಬಂದು ಸಾವಿರ ಅಡಿ ಮೇಲೆ ಹಾದುಹೋಯಿತು. ಸುಮಾರು ಒಂದು ನಿಮಿಷದೊಳಗೆ ಚಾಲೆಂಜರ್ ಉರುಳತೊಡಗಿತು. 9,000 ಅಡಿಯಷ್ಟು ಕೆಳಗೆ ಬಂತು. ಒಂದು ಎಂಜಿನ್ ನಿಂತು, ಮತ್ತೆ ಶುರು ಮಾಡಬೇಕಾಯಿತು. ಒಳಗಿದ್ದವರಿಗೆ ಪೆಟ್ಟಾಯಿತು. ಕಡೆಗೆ ಮಸ್ಕತ್‌ನಲ್ಲಿ ಇಳಿಸಿದರು. ವಿಮಾನ ರಿಪೇರಿಗೂ ಬಾರದಂತಾಗಿತ್ತು, ಜನ ಮಾತ್ರ ಉಳಿದರು. ಅವರನ್ನು ಉಳಿಸಿದ್ದು ಎತ್ತರ. ಸಾಂಟಾ ಆನಾದವರಿಗೆ ಇದ್ದದ್ದು ಸಾವಿರ ಅಡಿ.

ಎತ್ತರದ ಮಾತು ಬಂದಾಗ ಕೆಳಮಟ್ಟದ ಕಸರತ್ತುಗಳ ಬಗ್ಗೆ ಹೇಳದೆ ಇರಲಾಗುವುದಿಲ್ಲ. 1980ರ ಜೂನ್ 23ರ ಬೆಳಿಗ್ಗೆ ದೆಹಲಿಯ ಸಫ್ದರ್‌ಜಂಗ್ ನಿಲ್ದಾಣದಿಂದ ಪಿಟ್ಸ್ ವಿಮಾನದಲ್ಲಿ ಸಂಜಯ್ ಗಾಂಧಿ ಏರಿದರು. ಜೊತೆಗೆ ಕ್ಯಾಪ್ಟನ್ ಸುಭಾಷ್ ಸಕ್ಸೇನಾ. ಪಿಟ್ಸ್ ಮಾಡಿರುವುದೇ ಲಾಗ ಹಾಕುವುದಕ್ಕೆ. ಊರಿನ ಮೇಲೆ ಲಾಗ ಹಾಕುತ್ತಾ ಮತ್ತೆ ಮೇಲೆ ಬರಲಾಗದೆ ಬಿದ್ದಿತು. ಇಬ್ಬರೂ ಸತ್ತರು. ಇಲ್ಲಿ ಬೇರೆ ವಿಮಾನದ ಸುಳಿ ಇರಲಿಲ್ಲ. ಸಾಕಷ್ಟು ಎತ್ತರವೂ ಇರಲಿಲ್ಲ.

ಸುಳಿ, ಶೋಕಿ ಎರಡೂ ಒಂದೇ ಕಡೆ ಸೇರಿದ್ದೂ ಉಂಟು. 1966ರ ಜೂನ್ 8ರಂದು ಕ್ಯಾಲಿಫೋರ್ನಿಯಾದ ಮರುಭೂಮಿಯ ಮೇಲೆ ಐದು ವಿಮಾನಗಳು ಒತ್ತೊತ್ತಾಗಿ ಹಾರಿದವು. ಯುದ್ಧಕ್ಕಲ್ಲ, ಪ್ರಯೋಗಕ್ಕೂ ಅಲ್ಲ. ಐದಕ್ಕೂ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನ್, ಆ ಕಂಪನಿಗೆ ಒಂದು ಫೋಟೊ ಬೇಕಿತ್ತು. ನಡುವೆ ಎಕ್ಸ್‌ಬಿ-70 ಎಂಬ ಭಾರೀ ಬಾಂಬರ್. ಅದರ ರೆಕ್ಕೆಯ ಪಕ್ಕದಲ್ಲೇ ಎಫ್-104 ಯುದ್ಧ ವಿಮಾನ, ಓಡಿಸುತ್ತಿದ್ದದ್ದು ನಾಸಾದ ಜೋ ವಾಕರ್. ಎಕ್ಸ್-15 ರಾಕೆಟ್ ವಿಮಾನ ಹಾರಿಸಿದ್ದ, ಆ ಕಾಲದ ಅತ್ಯಂತ ಅನುಭವಿ ಪೈಲಟ್‌ಗಳಲ್ಲಿ ಒಬ್ಬರು. ಎಫ್-104 ಬಾಂಬರ್‌ನ ರೆಕ್ಕೆಗೆ ತಾಗಿತು. ರೆಕ್ಕೆ ತುದಿಯ ಸುಳಿ ಅದನ್ನು ಎತ್ತಿ ಬಾಂಬರ್‌ನ ಬೆನ್ನ ಮೇಲೆ ಉರುಳಿಸಿತು. ವಾಕರ್ ಸತ್ತರು, ಬಾಂಬರ್‌ನಲ್ಲಿದ್ದ ಕಾರ್ಲ್ ಕ್ರಾಸ್ ಸತ್ತರು. ಅಲ್ ವೈಟ್ ಒಬ್ಬರೇ ಹೊರಗೆ ಚಿಮ್ಮಿ ಬದುಕಿದರು. ಅನುಭವ ಇದ್ದರೆ ಸಾಕು ಅನ್ನುವವರು ಈ ಹೆಸರುಗಳನ್ನು ಒಮ್ಮೆ ನೋಡಬೇಕು.

ನಮ್ಮ ಬೆಂಗಳೂರಲ್ಲೂ ಎರಡು ತುದಿಯ ವಿಮಾನಗಳಿವೆ. ಎನ್‌ಎಎಲ್ ಎಂಬ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಇಲ್ಲೇ ವಿನ್ಯಾಸ ಮಾಡಿದ ಎರಡು ಸೀಟಿನ ಹಂಸ 750 ಕಿಲೋ. ದೇವನಹಳ್ಳಿಗೆ 2022ರಿಂದ ಬರುತ್ತಿರುವ ಎ380 ಪೂರ್ತಿ ತುಂಬಿದರೆ 575 ಟನ್ ಹತ್ತಿರ. ಜಕ್ಕೂರಿನಂಥ ಪುಟ್ಟ ಏರ್‌ಫೀಲ್ಡ್‌ನಲ್ಲಿ ಕಲಿತವರು ಮುಂದೆ ದೊಡ್ಡ ನಿಲ್ದಾಣಕ್ಕೆ ಇಳಿಯಲು ಹೋದಾಗ ಈ ಪಾಠ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಪಾಠ ಏನು ದೊಡ್ಡದಲ್ಲ. ಇಳಿಯುವಾಗ ದೊಡ್ಡ ವಿಮಾನ ಬಂದ ದಾರಿಗಿಂತ ಮೇಲೇ ಇರಬೇಕು. ಅದರ ಚಕ್ರ ಎಲ್ಲಿ ಹೊಗೆ ಎಬ್ಬಿಸಿ ನೆಲ ಮುಟ್ಟಿತೋ ಆ ಜಾಗ ನೋಡಿಟ್ಟುಕೊಂಡು, ಅದನ್ನು ದಾಟಿ ಇಳಿಯಬೇಕು. ಸಣ್ಣ ವಿಮಾನಕ್ಕೆ ಉದ್ದ ರನ್‌ವೇಯಲ್ಲಿ ಜಾಗಕ್ಕೇನೂ ಬರ ಇಲ್ಲ. ಏರುವಾಗ ಇದರ ತಿರುಗು ಲೆಕ್ಕ. ದೊಡ್ಡ ವಿಮಾನ ಮೂಗೆತ್ತಿದ ಜಾಗಕ್ಕಿಂತ ಮೊದಲೇ ನೆಲ ಬಿಡಬೇಕು, ಆಮೇಲೆ ಗಾಳಿ ಬರುವ ಕಡೆಗೆ ಪಕ್ಕಕ್ಕೆ ಸರಿಯಬೇಕು. ರನ್‌ವೇಯ ನಡುವಿನಿಂದ ಹೊರಟರೆ ಈ ಲೆಕ್ಕ ಕೈಕೊಡುತ್ತದೆ. ಅದಕ್ಕೇ ಆಗ ಎರಡು ನಿಮಿಷ ಸಾಲದು, ಮೂರು ನಿಮಿಷ. ಇಳಿಯುವಾಗ ಅನುಮಾನ ಬಂತೋ, ಪವರ್ ಕೊಟ್ಟು ಮೇಲೆದ್ದು ಇನ್ನೊಂದು ಸುತ್ತು ಹಾಕಬೇಕು. ರನ್‌ವೇ ಬಾಯಲ್ಲಿ ನಿಂತಿದ್ದಾಗ ಟವರ್ ಹೊರಡಿ ಅಂದರೂ, ಮುಂದಿನ ವಿಮಾನದ ಗಾಳಿಗೆ ಇನ್ನೊಂದು ನಿಮಿಷ ಕಾಯುತ್ತೇನೆ ಅಂತ ಪೈಲಟ್ ರೇಡಿಯೋದಲ್ಲಿ ಹೇಳಬಹುದು. ಹಿಂದೆ ಸಾಲು ನಿಂತವರು ಗೊಣಗಬಹುದು. ಟವರ್‌ನವರು ಸಾಮಾನ್ಯವಾಗಿ ಆಗಲಿ ಅಂತಾರೆ.

ನಮಸ್ಕಾರ.