ಮೋಸವೆಲ್ಲ ದ್ರೋಹವಲ್ಲ

ನಮಸ್ಕಾರ. ಶಿವಮೊಗ್ಗದ ಮಂಡಿಗೆ ಬೆಳೆಗಾರರೊಬ್ಬರು ಅಡಿಕೆ ತಂದಿದ್ದಾರೆಂದು ಭಾವಿಸಿ. ಗುರುತು ಪರಿಚಯವಿಲ್ಲದ ವ್ಯಾಪಾರಿಯೊಬ್ಬ ತೂಕದಲ್ಲಿ ಅವರನ್ನು ವಂಚಿಸಿದರೆ ಅದು ಮೋಸ. ಆದರೆ ಇಪ್ಪತ್ತು ವರ್ಷಗಳಿಂದ ಅವರ ‘ರಾಶಿ ಇಡಿ’ ದರ್ಜೆಯ ಅಡಿಕೆಯನ್ನು ಬರೀ ಬಾಯಿಮಾತಿನ ಮೇಲೆ ಇಟ್ಟುಕೊಳ್ಳುತ್ತಿದ್ದವನೇ ಆ ಚೀಲಗಳನ್ನು ತನ್ನವೆಂದು ಮಾರಿಕೊಂಡರೆ, ಆಗ ಬಾಯಿಗೆ ಬರುವ ಪದ ದ್ರೋಹ. ಎರಡು ಕಡೆಯೂ ನಷ್ಟ ಒಂದೇ ಇರಬಹುದು. ಎರಡನೆಯದರಲ್ಲಿ ಅಡಿಕೆಯ ಜೊತೆ ನಂಬಿಕೆಯೂ ಹೋಗಿದೆ.

(ಪರದೆಯ ಮೇಲೆ: ಮಿತ್ರದ್ರೋಹ, ಗುರುದ್ರೋಹ, ಸ್ವಾಮಿದ್ರೋಹ)

ಮುರಿದ ನಂಟು ಯಾವುದೆಂಬುದನ್ನು ಈ ಸಮಾಸಗಳ ಮೊದಲ ಪದವೇ ಹೇಳುತ್ತದೆ. ‘ಮಿತ್ರಮೋಸ’ ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ಮೋಸಕ್ಕೆ ನಂಟಿನ ಅಗತ್ಯವಿಲ್ಲ.

ಸಂಸ್ಕೃತದ ‘ದ್ರುಹ್’ ಧಾತುವಿನಿಂದ ಬಂದ ಈ ಪದಕ್ಕೆ ಕನ್ನಡವು ಜೋಡಿಸಿಕೊಂಡ ಕ್ರಿಯಾಪದವೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ‘ದ್ರೋಹ ಮಾಡಿದ’ ಎನ್ನುತ್ತೇವೆ, ನಿಜ. ಆದರೆ ‘ದ್ರೋಹ ಬಗೆದ’ ಎಂದಾಗ ಮಾತು ಇನ್ನೂ ಆಳಕ್ಕೆ ಇಳಿಯುತ್ತದೆ. ಬಗೆಯುವುದೆಂದರೆ ಮನಸ್ಸಿನಲ್ಲಿ ಎಣಿಸುವುದು. ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬ ಮಾತಿನಲ್ಲಿರುವುದೂ ಇದೇ ಕ್ರಿಯಾಪದ. ಆದ್ದರಿಂದ ಕೊಳೆರೋಗಕ್ಕೆ ತೋಟದ ಫಸಲು ಉದುರಿಹೋಗಿ, ಗೆಳೆಯನ ಸಾಲವನ್ನು ಹೇಳಿದ ದಿನಕ್ಕೆ ತೀರಿಸಲಾಗದೆ ಹೋದವನನ್ನು ದ್ರೋಹಿ ಎನ್ನುವುದು ತಪ್ಪು ಬಳಕೆ. ಅವನು ಮಾತು ತಪ್ಪಿದ್ದಾನೆಯೇ ಹೊರತು ಎರಡು ಬಗೆದಿಲ್ಲ. ‘ಉಂಡ ಮನೆಯ ಜಂತೆ ಎಣಿಸುವುದು’ ಎಂಬ ಇನ್ನೊಂದು ನುಡಿಗಟ್ಟಿದೆ. ಮಲೆನಾಡಿನ ಹಳೆಯ ಹೆಂಚಿನ ಮನೆಯಲ್ಲಿ ಊಟಕ್ಕೆ ಕುಳಿತವರಿಗೆ ಇದರ ಚಿತ್ರ ಕೂಡಲೇ ಕಣ್ಣಿಗೆ ಕಟ್ಟುತ್ತದೆ: ಎಲೆಯ ಮುಂದೆ ಕುಳಿತವನ ಕಣ್ಣು ಅನ್ನದ ಮೇಲಿಲ್ಲ, ಸೂರಿನ ಮರದ ಮೇಲಿದೆ.

ಮಲೆನಾಡಿನ ಸೊಸೆವೂರಿನಿಂದ, ಅಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ, ಬೆಳೆದುಬಂದ ಹೊಯ್ಸಳರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಹಿಟ್ಟು ಮಾಡುವವನು ಎಂದು ಅರ್ಥ. ಅವನ ಮಗ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಗೂ ಆ ಬಿರುದಿನ ಹೆಸರೇ ಬಂದಿತು.

ಮಂಡಿಯ ಆ ಬೆಳೆಗಾರರು ಇಂದು ಪೊಲೀಸ್ ಠಾಣೆಗೆ ಹೋದರೂ ಈ ವ್ಯತ್ಯಾಸ ಅಳಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318ನೆಯ ಕಲಮು ಇದೆ. ನಂಬಿ ಒಪ್ಪಿಸಿದ ಸ್ವತ್ತನ್ನು ನುಂಗಿದ್ದಕ್ಕೆ 316ನೆಯ ಕಲಮು. ಅದನ್ನು ನಮ್ಮ ಪತ್ರಿಕೆಗಳು ‘ನಂಬಿಕೆ ದ್ರೋಹ’ ಎಂದೇ ಬರೆಯುತ್ತವೆ.